ಬೇಲಿಯಾಚೆಗೆ ಸುರಿದ ನೀರು

"ಮೋರಿಗೆ ಸುರೀತೀಯಾ, ಕತ್ತೆ? ಕೈ ಮುರಿದುಬಿಟ್ಟೇನು!"

ಫಾದರ್ ಪೆಂಡಲ್ ಕೂಗಿದ ರಭಸಕ್ಕೆ ಮರ್ಟಲಳ ಕೈಯಲ್ಲಿದ್ದ ಬೋಗುಣಿ ತುಳುಕಿ ಲಂಗ ನೆನೆಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಆ ಮಿಷನ್ನಿನಲ್ಲಿ ಹನ್ನೊಂದು ವರ್ಷದಿಂದ ಬಿಳಿಯರ ಚಾದರ, ಚಡ್ಡಿಗಳನ್ನೆಲ್ಲ ಒಗೆದವಳು ಅವಳು. ಚರ್ಚಿನ ಬಟ್ಟೆ ಒಗೆಯುತ್ತಿದ್ದ ಆಂಟಿ ಓಪಲ್‌ಗೆ ಕಣ್ಣು ಮಂಜಾಗಿ, ಈ ಸೋಮವಾರವಷ್ಟೇ ಆ ಕೆಲಸ ಇವಳ ಪಾಲಿಗೆ ಬಂದಿತ್ತು.

"ಪ್ರಭುವಿನ ರಕ್ತದ ಬಟ್ಟಲು ಒರೆಸಿದ ಬಟ್ಟೆ ಇದು. ಮೊದಲು ಜಾಲಿಸಿದ ನೀರು ಪರಿಶುದ್ಧ. ಯಾರೂ ತುಳಿಯದ ನೆಲಕ್ಕೆ ಸುರೀಬೇಕು. ಅಲ್ಲಿ, ಗುಲಾಬಿ ಬುಡಕ್ಕೆ. ತಲೆಗೆ ಹೋಯ್ತಾ?"

"ವೋಯ್ತು ಫಾದರ್."

ಪ್ರಭುವಿನ ರಕ್ತವೆಂದು ದ್ರಾಕ್ಷಾರಸ ಕೊಡುವ ಆ ಬಟ್ಟಲು ಭಾನುವಾರ ಬಿಳಿಯರ ಸಾಲು ಮುಗಿಸಿ ಹಿಂದಿನ ಬೆಂಚಿನ ಕರಿಯರ ಹತ್ತಿರ ಬರುವಷ್ಟರಲ್ಲಿ ತಳ ಕಂಡಿರುತ್ತಿತ್ತು. ಮರ್ಟಲಳಿಗೆ ಅಳು ಬಂದದ್ದು ಅದಕ್ಕಲ್ಲ, ಬೈಗುಳಕ್ಕೂ ಅಲ್ಲ. ಕಳೆದ ತಿಂಗಳು ಎರಡು ದಿನದ ಹೆಣ್ಣುಕೂಸನ್ನು ಎದೆಗವಚಿಕೊಂಡು ಇದೇ ಫಾದರ್ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು.

"ಒಂದ್ ತೊಟ್ಟು ನೀರಾಕಿ ಎಸ್ರಿಡಿ ಫಾದರ್. ಉಸ್ರು ಸಿಕ್ತಾ ಇಲ್ಲ ಮಗೀಗೆ."

"ಹೆತ್ತ ಮೈ, ಇನ್ನೂ ಶುದ್ಧಿಯಾಗಿಲ್ಲ ನೀನು. ಭಾನುವಾರ ಮಿಂದು, ಬಿಳಿ ಬಟ್ಟೆ ಹಾಕ್ಕೊಂಡು ಬಾ. ದೇವರ ಮನೆ ನಿಮ್ಮ ಗುಡಿಸಲಲ್ಲ."

ಶುಕ್ರವಾರವೇ ಮಗು ಹೋಯಿತು. ದೀಕ್ಷಾಸ್ನಾನವಾಗದ ಕೂಸಿಗೆ ಪವಿತ್ರ ನೆಲದಲ್ಲಿ ಜಾಗವಿಲ್ಲವೆಂದರು. ಸ್ಮಶಾನದ ತಂತಿಬೇಲಿಯಾಚೆ, ನೀಲಗಿರಿ ಮರದ ಕೆಳಗೆ ಗಂಡ ಆಲ್ಬಿ ಗುಂಡಿ ತೋಡಿದ. ಮಿಷನ್ನಿನ ಹಂದಿಗಳು ಮಣ್ಣು ಕೆದಕುವ ಜಾಗ ಅದು.

ಮುಂದಿನ ಸೋಮವಾರ ಮರ್ಟಲ್ ಬೋಗುಣಿ ಎತ್ತಿಕೊಂಡು ಬೇಲಿಯ ಕಡೆ ನಡೆದಳು. ಬಟ್ಟೆ ಒಗೆಯುವ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದ ಓಪಲ್ ಹೆಜ್ಜೆಯ ಸದ್ದಿಗೆ ತಲೆಯೆತ್ತಿದಳು.

"ಗುಲಾಬಿ ಈ ಕಡೆ ಕಣೇ. ಎತ್ಲಾಗ್ ವೊಂಟೆ?"

"ಗುಲಾಬಿಗೇನ್ ಕಮ್ಮಿಯಾಗೈತೆ ಆಂಟಿ? ನನ್ ಮಗೀಗ್ ಉಯ್ತೀನಿ."

"ಆ ಬೋಳಿಮಗ ಚರ್ಮ ಸುಲೀತಾನೆ."

"ಸುಲೀಲಿ."

ಮುದುಕಿ ಬಾಗಿಲು ಹಿಡಿದು ಎದ್ದು ನಿಂತಳು.

"ನನ್ವೂ ಎಲ್ಡು ಅಲ್ಲೇ ಮಲ್ಗವೆ" ಎಂದಳು ಆಮೇಲೆ. "ಇಪ್ಪತ್ತು ವರ್ಸ ಗುಲಾಬಿಗುಯ್ದೆ ಕಣೇ ಮರ್ಟಲ್. ಒಂದಿನಾನೂ ತೋಚ್ಲಿಲ್ಲ ನಂಗೆ, ಪಾಪಿ ಮುಂಡೆಗೆ." ಮರ್ಟಲಳ ಸೆರಗಿನಂತೆ ಜೋತಿದ್ದ ಏಪ್ರನ್ನಿನ ತುದಿ ಹಿಡಿದು ಹಿಂದೆಯೇ ಹೊರಟಳು.

"ತಗೋ ಲೋರ್ನಾ" ಎಂದು ಹೆಸರು ಹಿಡಿದು ಮರ್ಟಲ್ ನೀರು ಸುರಿದಳು. ಓಪಲಳ ಮಕ್ಕಳಿಗೂ ಸುರಿದಳು. ಇಬ್ಬರೂ ಅಲ್ಲೇ ಕುಕ್ಕರಿಸಿ ಅತ್ತರು.

ಮೂರನೆಯ ಸೋಮವಾರ ಫಾದರ್ ಕಣ್ಣಿಗೆ ಬಿತ್ತು. ತಂತಿ ದಾಟಿ ದಡದಡನೆ ಬಂದು, ಬೂಟುಗಾಲಲ್ಲಿ ಕೂಸಿನ ಆ ಪುಟ್ಟ ಮಣ್ಣುಗುಡ್ಡೆಯ ಮೇಲೇ ನಿಂತರು.

"ಆ ನೀರನ್ನ ಇಲ್ಲಿ ಸುರಿದೆಯಾ?"

"ಊಂ ಫಾದರ್. ಮೂರು ಸ್ವಾಮಾರದಿಂದ." ಖಾಲಿ ಬೋಗುಣಿಯನ್ನು ಅವಳು ಕೆಳಗಿಟ್ಟಳು. "ಯಾರೂ ತುಳೀಬಾರ್ದು ಅಂತ ನೀವೇ ಯೋಳಿದ್ರಿ. ಕಾಲ್ ತಗೀರಿ."

ಫಾದರ್ ಬಗ್ಗಿ ನೋಡಿದರು. ಬೂಟಿನ ಸುತ್ತ ಮಣ್ಣು ಇನ್ನೂ ಒದ್ದೆಯಾಗಿತ್ತು. ಓಪಲ್ ಬೇಲಿ ತಡವುತ್ತ ಬಂದು ಮರ್ಟಲಳ ಪಕ್ಕ ನಿಂತಳು.

"ತಗದ್ನೇನೇ ಕಾಲ?" ಎಂದು ಕೇಳಿದಳು.

"ಇಲ್ಲ ಆಂಟಿ" ಎಂದಳು ಮರ್ಟಲ್. "ನಿಂತವ್ನೆ ಇನ್ನೂ."