ಬಾರದ ರೈಲಿಗೆ ಬಿದ್ದ ಗೇಟು

ಹಂಚಿನ ಕಾರ್ಖಾನೆಗಳು ಹಗಲಿಡೀ ಹೊಗೆ ಕಾರುತ್ತಿದ್ದ ಕಾಲದಲ್ಲಿ ಆ ಊರಿನ ಸಣ್ಣ ರೈಲುದಾರಿಯ ಮೇಲೆ ದಿನಕ್ಕೆ ಹದಿನಾಲ್ಕು ಗಾಡಿಗಳು ಓಡಾಡುತ್ತಿದ್ದವು. ಹದಿನಾಲ್ಕು ಸಲವೂ ರಸ್ತೆಗೆ ಅಡ್ಡಲಾಗಿ ಗೇಟು ಬೀಳುತ್ತಿತ್ತು, ಬೀಳಿಸುತ್ತಿದ್ದವಳು ಗೇಟಮ್ಮ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಡಾಕ್ಟರಾಗಲಿ, ಜಡ್ಜಾಗಲಿ, ಅವಳೆದುರು ನಿಲ್ಲಲೇಬೇಕು. ನಿಂತವರ ಬಾಯಿ ಸುಮ್ಮನಿರುತ್ತದೆಯೇ? ಯಾರ ಮನೆ ಪಾಲಾಯಿತು, ಯಾರು ಹಲ್ಲು ಕಟ್ಟಿಸಿಕೊಂಡರು, ಎಲ್ಲವೂ ಅವಳ ಕಿವಿಗೆ ಬಿದ್ದೇ ಊರೊಳಗೆ ಹೋಗುತ್ತಿತ್ತು. ಎರಡು ಮದುವೆಗಳನ್ನು ಅವಳು ಗೇಟಿನಲ್ಲೇ ಕುದುರಿಸಿದ್ದಳು. ಮೂರನೆಯದು ಅವಳದೇ. ಎಂಜಿನ್ನಿಗೆ ಕಲ್ಲಿದ್ದಲು ಹಾಕುವವನೊಬ್ಬ ಹಸಿರು ಬಾವುಟ ನೋಡುವ ನೆಪದಲ್ಲಿ ದಿನವೂ ಅವಳನ್ನು ನೋಡುತ್ತಿದ್ದ. ಮದುವೆಯ ದಿನ ಅವನು ಮುಖದ ಮಸಿ ತೊಳೆದು ಬಂದಾಗ ಅವಳಿಗೆ ಗುರುತೇ ಹತ್ತಲಿಲ್ಲ.

ಆಮೇಲೆ ಜನ ಮನೆಗೆ ತಾರಸಿ ಹಾಕಿಸತೊಡಗಿದರು. ಹಂಚು ಕೇಳುವವರಿಲ್ಲ. ಡಾಂಬರು ರಸ್ತೆ ಬಂತು, ಅದರ ಬೆನ್ನಿಗೇ ಬಸ್ಸು ಬಂತು. ಹದಿನಾಲ್ಕು ಗಾಡಿ ಎಂಟಾಯಿತು, ಎಂಟು ಎರಡಾಯಿತು. ಒಂದು ಸಂಜೆ ಗಂಡ ಹೊಸ ಖಾಕಿ ಅಂಗಿ ತೊಟ್ಟು ಮನೆಗೆ ಬಂದ.

"ಬಸ್ಸಿನ ಡ್ರೈವರ್ ಕೆಲಸ ಸಿಕ್ತು ಕಣೆ."

"ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ ನೋಡಿ."

"ಎಣಿಸೋಕೆ ಜಂತೆ ಎಲ್ಲಿ ಉಳಿದಿದೆ?" ಎಂದು ಅವನು ಊಟಕ್ಕೆ ಕುಳಿತ.

ಅಂದಿನಿಂದ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಗಂಡನ ಬಸ್ಸು ಹೆಂಡತಿಯ ಗೇಟಿಗೆ ಬಂದು ನಿಲ್ಲುತ್ತಿತ್ತು. ಬಸ್ಸಿನಲ್ಲಿ ಅರವತ್ತು ಜನ. ಅವರನ್ನು ಕಾಯಿಸಿ ಹೋಗುತ್ತಿದ್ದ ರೈಲಿನಲ್ಲಿ ಇಬ್ಬರು, ಅದರಲ್ಲೊಬ್ಬ ಗಾರ್ಡು.

ಕೊನೆಗೆ ರೈಲು ನಿಂತಿತು. ನಿಲ್ಲಿಸುವ ಆದೇಶದಲ್ಲಿ ಗೇಟಿನ ಮಾತೇ ಇರಲಿಲ್ಲ. ಗೇಟಮ್ಮ ಪತ್ರ ಬರೆದು ಕೇಳಿದಳು. "ಮುಂದಿನ ಆದೇಶದವರೆಗೆ ವೇಳಾಪಟ್ಟಿಯಂತೆ ಕರ್ತವ್ಯ ನಿರ್ವಹಿಸತಕ್ಕದ್ದು" ಎಂದು ಉತ್ತರ ಬಂತು. ಮರುದಿನ ಎಂಟೂ ನಲವತ್ತಕ್ಕೆ ಸರಿಯಾಗಿ ಗೇಟು ಬಿತ್ತು.

ಗಂಡ ಬಸ್ಸಿನಿಂದ ತಲೆ ಹೊರಹಾಕಿದ. "ಯಾವ ರೈಲು ಬರ್ತಿದೆ?"

"ಯಾವುದೂ ಇಲ್ಲ."

"ಮತ್ತೆ ಗೇಟ್ ಯಾಕೆ ಹಾಕ್ದೆ?"

ಅವಳು ಕಾಗದ ಕೊಟ್ಟಳು. ಅದು ಅವನ ಕೈಯಿಂದ ಕಂಡಕ್ಟರನಿಗೆ, ಅಲ್ಲಿಂದ ಹಿಂದಿನ ಸೀಟಿನವರೆಗೂ ಹೋಗಿ ವಾಪಸ್ಸು ಬಂತು. ನಡುವೆ ಯಾರೋ ನಿವೃತ್ತ ಮೇಷ್ಟರು ಎರಡು ಕಾಗುಣಿತದ ತಪ್ಪು ತಿದ್ದಿದ್ದರು. ಅಷ್ಟರಲ್ಲಿ ಹತ್ತು ನಿಮಿಷ ಕಳೆದು ಗೇಟು ಮೇಲೆದ್ದಿತು.

ಹೀಗೆ ಹನ್ನೊಂದು ವಾರ ನಡೆಯಿತು. ಇದು ಹುಚ್ಚಾಟ ಎಂದು ಅವಳಿಗೂ ಗೊತ್ತಿತ್ತು. ಆದರೆ ಬೆಳಿಗ್ಗೆ ಸಂಜೆ ಗೇಟು ಬಿದ್ದ ಆ ಹತ್ತು ಹತ್ತು ನಿಮಿಷ ಬಿಟ್ಟರೆ ಅವಳನ್ನು ಮಾತಾಡಿಸುವವರು ಯಾರಿದ್ದರು? ಉಳಿದ ಹೊತ್ತೆಲ್ಲ ಜನ ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತಿದ್ದರು.

ಹನ್ನೆರಡನೆಯ ವಾರ ಗೇಟು ಕೀಳುವ ಆದೇಶ ಬಂತು. ಜೊತೆಗೆ ಅವಳಿಗೆ ಜಂಕ್ಷನ್ನಿನ ವಿಚಾರಣೆ ಕಿಟಕಿಗೆ ವರ್ಗ. ಕಾಗದ ತಂದ ಗುಮಾಸ್ತ ನಗುತ್ತ ಹೇಳಿದ: "ನಿಮ್ಮ ಯಜಮಾನ್ರು ರಜದ ದಿನವೆಲ್ಲ ನಮ್ಮ ಆಫೀಸಿನ ಬೆಂಚ್ ಮೇಲೇ ಇರ್ತಿದ್ರಮ್ಮ. ಅವಳಿಗೆ ಗೇಟ್ ಬೇಡ ಸಾರ್, ಜನ ಬೇಕು ಅಂತ ಸಾಹೇಬರ ತಲೆ ತಿಂದುಬಿಟ್ರು."

ಆ ರಾತ್ರಿ ಅವಳು ಊಟಕ್ಕೆ ಒಂದು ಪಲ್ಯ ಹೆಚ್ಚಿಗೆ ಮಾಡಿದಳು.

ಜಂಕ್ಷನ್ನಿಗೆ ಹೋಗಲು ಇದ್ದದ್ದು ಅವನ ಬಸ್ಸೊಂದೇ. ಹುಟ್ಟಿದಾರಭ್ಯ ರೈಲಿನಲ್ಲೇ ಓಡಾಡಿದವಳು ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಮೂರನೆಯ ತಿರುವಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡಳು. ಐದನೆಯದರಲ್ಲಿ ಬಸ್ಸು ನಿಲ್ಲಿಸಬೇಕಾಯಿತು. ಗಂಡ ಇಳಿದು ಬಂದು ಬೆನ್ನು ಸವರಿ, ನೀರಿನ ಬಾಟಲಿ ಹಿಡಿದ.

"ನಿಧಾನಕ್ಕೆ ಓಡಿಸ್ಲೇನೆ?"

ಅವಳು ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ಬೇಡ, ಜೋರಾಗೇ ಹೋಗಿ. ಕಿಟಕಿ ಮುಂದೆ ಜನ ಕಾಯ್ತಿರ್ತಾರೆ."