ಬೂರುಲ್ ಅಪಾ ಸಾವಿಗೆ ಬಂದವರು

ನಮ್ಮ ತಾಲಾಯ್‌ಗೆ ಕಿವಿ ಮಂದ. ನಲವತ್ತು ವರ್ಷ ರಾಕ್ ಹಾಡಿದವನ ಕಿವಿ ಇನ್ನೇನಾಗುತ್ತದೆ? ಅವನ ಹಿಂದೆ ಕೂತು ಡ್ರಮ್ ಬಾರಿಸಿದ ನನ್ನದೂ ಅಷ್ಟಕ್ಕಷ್ಟೇ. ಅವತ್ತಿನ ರಾದ್ಧಾಂತಕ್ಕೆಲ್ಲ ಇದೇ ಮೂಲ.

ಬೆಟ್ಟದ ಮೇಲಿನ ಚಿನ್ನದ ಗಣಿ ನಮ್ಮ ಹೊಳೆ ಕೆಡಿಸುತ್ತಿದೆ ಎಂಬ ಸಿಟ್ಟಿಗೆ ತಾಲಾಯ್ ಹೊಸ ಆಲ್ಬಂ ಮಾಡಿದ್ದ. ಗಿಟಾರ್ ಪಕ್ಕದಲ್ಲಿ ನಮ್ಮ ಮೂರು ತಂತಿಯ ವಾದ್ಯ ಕೊಮುಜ್, ಕುರಿಗಾಹಿಗಳ ಪದ, ಕೊನೆಗೆ ಅವನ ಸೋದರತ್ತೆ ಬೂರುಲ್ ಅಪಾ ಹೊಳೆಗಾಗಿ ಹಾಡಿದ ಕೊಶೊಕ್. ಸತ್ತವರ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವುದೇ ಕೊಶೊಕ್. ಅಪಾ ಹಾಡಿದ್ದರು ನಿಜ, ಹೊರಗೆ ಬಿಡಲು ಒಪ್ಪಿರಲಿಲ್ಲ. ಅವರು ಅಂಗೈ ಚಾಚಿ ಹರಸದೆ ತಾಲಾಯ್ ಆಲ್ಬಂ ಬಿಡುವವನಲ್ಲ. ಅವತ್ತು ಒಪ್ಪಿಸಲೆಂದು ಅವರ ಮನೆಗೆ ಹೋಗಿದ್ದೆವು.

"ಕೊಶೊಕ್ ಕೇಳಿದ್ರೆ ಜನ ಇದ್ದಬದ್ದ ಕೆಲಸ ಬಿಟ್ಟು ಓಡಿ ಬರ್ಬೇಕು ಕಣೋ," ಎಂದರು ಅಪಾ ಚಹಾ ಬಗ್ಗಿಸುತ್ತ. "ನಿನ್ನ ಹಾಡಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ. ನನ್ನ ಅಳು ಚಪ್ಪಾಳೆಗಲ್ಲ."

"ಒಂದ್ಸಲ ಕೇಳಿ, ಆಮೇಲೆ ಬೈಯಿರಿ ಅಪಾ."

ತಾಲಾಯ್ ಹೊರಗೆ ಅಂಗಳದಲ್ಲಿದ್ದ ನಮ್ಮ ವ್ಯಾನಿನ ಸ್ಪೀಕರಿಗೆ ಹಾಡು ಹಾಕಿದ. "ಸಣ್ಣಗಿದೆ ಅಲ್ವಾ?" ಎಂದ. ನನಗೂ ಹಾಗೇ ಅನ್ನಿಸಿತು. ಏರಿಸಿದೆವು.

ಅಪಾ ಅವರ ಅಳು ಕಣಿವೆಯ ಆಚೆ ಬದಿಗೂ ಮುಟ್ಟಿತು. ಅಷ್ಟು ದೂರಕ್ಕೆ ದನಿ ಯಾರದೆಂದು ತಿಳಿಯಲಿಲ್ಲ; ಆ ಮನೆಯಲ್ಲಿರುವುದು ಅಪಾ ಒಬ್ಬರೇ, ಹೋದವರು ಅವರೇ ಎಂದುಕೊಂಡರು ಜನ. ಹಾಡು ಮುಗಿಯುವಷ್ಟರಲ್ಲಿ ನೆರೆಯ ಅಸಾನಾಲಿ ಕುದುರೆ ಏರಿ, ರೂಢಿಯಂತೆ ದೂರದಿಂದಲೇ ಗೋಳಿಡುತ್ತ ಬಂದ. "ಅಯ್ಯೋ ನನ್ನಕ್ಕಾ, ನನ್ನ ಬೆಟ್ಟದಂಥ ಅಕ್ಕಾ..."

ಅಪಾ ಚಹಾ ಬಟ್ಟಲು ಹಿಡಿದೇ ಬಾಗಿಲಿಗೆ ಬಂದರು. "ಯಾರೋ ಹೋದ್ರು?"

"ನೀವೇ," ಎಂದ ಅಸಾನಾಲಿ. ಹೊರಟ ಅಳು ಅವನಿಗೆ ನಿಲ್ಲಿಸಲು ಬರಲಿಲ್ಲ.

"ಕುರಿ ತಂದಿದೀಯಾ?"

"ಹ್ಞೂಂ, ಹಿಂದೆ ಬರ್ತಿದೆ. ಸಾವಿಗೆ ಬರಿಗೈಲಿ ಬರೋಕಾಗತ್ತಾ?"

"ಹಾಗಾದ್ರೆ ಇಳಿ."

ಅರ್ಧ ಕಣಿವೆ ಅಂಗಳದಲ್ಲಿ ತುಂಬಿತು. ಕಡೆಗೆ ಕಪ್ಪು ಕಾರಿನಿಂದ ಜಿಲ್ಲೆಯ ಅಧಿಕಾರಿ ಎರ್ಕಿನ್‌ಬಾಯ್ ಟೋಪಿ ತೆಗೆದು ಇಳಿದ. ಚಳಿಗಾಲವೆಲ್ಲ ಹೊಳೆಯ ವಿಷಯ ಹೇಳಲು ಹೋದರೆ 'ಸಾಹೇಬರು ಮೀಟಿಂಗಿನಲ್ಲಿದ್ದಾರೆ'. ಸಾವಿಗೆ ಬಾರದವನಿಗೆ ನಮ್ಮಲ್ಲಿ ನಾಯಿಯೂ ಬಾಲ ಅಲ್ಲಾಡಿಸುವುದಿಲ್ಲ, ಅದಕ್ಕೇ ಬಂದ.

ಅಪಾ ಜೀವಂತ ಇರುವುದನ್ನು ನೋಡಿ ಅವನು ಹಿಂದಕ್ಕೆ ತಿರುಗಿದ.

"ಕೂತ್ಕೊಳ್ಳಪ್ಪ," ಎಂದರು ಅಪಾ. "ಸಾವಿನ ಮನೇಲಿ ಬಾಯಿಗೇನೂ ಹಾಕ್ಕೊಳ್ದೆ ಹೋಗ್ಬಾರ್ದು." ಹೊಳೆಯ ನೀರು ತುಂಬಿದ ಬಟ್ಟಲನ್ನು ಎರಡೂ ಕೈಯಲ್ಲಿ ಕೊಟ್ಟರು. ನೀರು ಹಳದಿಯಾಗಿತ್ತು.

"ಯಾರು ಸತ್ತಿದ್ದು ಅಪಾ?"

"ಇದೇ. ಇನ್ನೂ ಸತ್ತಿಲ್ಲ, ಜೀವ ಹೋಗ್ತಾ ಇದೆ. ಕುಡಿ."

ಹಿರಿಯರು ಕೊಟ್ಟ ಬಟ್ಟಲು ಬೇಡವೆನ್ನುವಂತಿಲ್ಲ. ತುಟಿಯವರೆಗೆ ಒಯ್ದ. ಕುಡಿಯಲಾರದೆ ಬಟ್ಟಲು ಕೆಳಗಿಟ್ಟ.

"ನಾಳೆ ಗಣಿಗೆ ಹೋಗಿ ನೋಡ್ತೀನಿ."

"ನಾಳೆ ಯಾಕೆ? ಕುರಿ ಬೇಯೋಕೆ ಇನ್ನೂ ಹೊತ್ತಿದೆ," ಎಂದು ಅಸಾನಾಲಿ ಮತ್ತೆ ಕುದುರೆ ಏರಿದ. ಗಂಡಸರೆಲ್ಲ ಏರಿದರು. ಕಪ್ಪು ಕಾರು ಕುದುರೆಗಳ ನಡುವೆ ಮೆಲ್ಲಗೆ ಬೆಟ್ಟ ಹತ್ತಿತು. ನನಗೆ ತುಂಬ ಸಂತೋಷವಾಯಿತು.

ಅಪಾ ತಾಲಾಯ್ ಕಡೆ ಅಂಗೈ ಚಾಚಿದರು. "ಕೇಳಿದವರು ಎದ್ದು ಬರೋ ಹಾಗಾಗ್ಲಿ ನಿನ್ನ ಹಾಡು," ಎಂದು ಮುಖ ಸವರಿಕೊಂಡರು. ಮಾತು ಅವನ ಕಿವಿಗೆ ಬೀಳಲಿಲ್ಲ, ಅಂಗೈ ಕಂಡಿತು. ರಾಕ್ ಹಾಡಿದ ಮುದುಕ ಹೋ ಎಂದು ಅತ್ತುಬಿಟ್ಟ.

"ಮೆಲ್ಲಗೆ ಅಳೋ," ಎಂದರು ಅಪಾ. "ಇನ್ನೂ ಕುರಿ ಬಂದ್ರೆ ಎಲ್ಲಿ ಕಟ್ಲಿ?"