ಸಿಮೆಂಟ್ ತಿಂದ ಕೈ

ಸೌಮ್ಯಾಳ ಏಳನೇ ತಿಂಗಳ ಕುಬಸದ ದಿನ ನನ್ನ ತಮ್ಮ ಶೇಖರ ಹೆಂಡತಿಯ ಪಕ್ಕದಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಆರತಿ ಹಿಡಿದು ಬಗ್ಗಿದವಳು ನಾನು. ಆಗ ಅವನ ಅಂಗಾಲು ಕಣ್ಣಿಗೆ ಬಿತ್ತು. ಇಟ್ಟಂಗಿ ಪುಡಿ ಉದುರಿಸಿದ ಹಾಗೆ ಕೆಂಪು ಚುಕ್ಕೆಗಳು, ಹಿಮ್ಮಡಿಯ ತನಕ. ಸರಿಯಾಗಿ ನೋಡಲು ಇನ್ನಷ್ಟು ಬಗ್ಗಿದೆ, ತಟ್ಟೆ ವಾಲಿತು. ಸೌಮ್ಯಾಳ ತಾಯಿ ನೀಲಾಬಾಯಿ, "ಎಣ್ಣಿ ಚೆಲ್ಲೀತ್ರಿ ಬೀಗತಿ, ಸಮಾಧಾನ" ಎಂದು ನಕ್ಕರು.

ಸಮಾಧಾನ ಎಲ್ಲಿಂದ ತರಲಿ? ಇದೇ ಚುಕ್ಕೆಗಳನ್ನು ಮೂರು ವಾರದ ಹಿಂದೆ ಅವನ ಅಂಗೈಯಲ್ಲಿ ನೋಡಿದ್ದೆ. ಶನಿವಾರ ಊಟಕ್ಕೆ ಬಂದವನ ಕೈಗೆ ನೀರು ಹಾಕುತ್ತ, ಇದೇನೋ ಎಂದು ಕೇಳಿದ್ದೆ. "ಸಿಮೆಂಟ್ ತಿಂದೈತಿ ಅಕ್ಕ" ಅಂದಿದ್ದ. ಅವನು ಪವಾಯಿಯಲ್ಲಿ ಏಳುತ್ತಿರುವ ಒಂದು ಬಿಲ್ಡಿಂಗಿನಲ್ಲಿ ಗೋಡೆಗೆ ಸಿಮೆಂಟ್ ಬಳಿದು ಗಿಲಾವು ಮಾಡುವ ಗೌಂಡಿ. ವಾರವೆಲ್ಲ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಾನೆ, ಶನಿವಾರ ಸಂಜೆ ವಡಾಲದ ನಮ್ಮ ಚಾಳಿಗೆ, ಸೌಮ್ಯಾ ಇರುವ ಖೋಲಿಗೆ ಬರುತ್ತಾನೆ. ಗೌಂಡಿಗಳ ಕೈ ನಮಗೇನು ಹೊಸದೇ? ನಮ್ಮಪ್ಪನ ಕೈ ಸಿಮೆಂಟ್ ತಿಂದು ತಿಂದು ಬಿರಿದಿತ್ತು. ವಿಜಯಪುರದ ಕಡೆಯಿಂದ ದುಡಿಯಲು ಬಂದ ನಮ್ಮ ಮಂದಿಯಲ್ಲಿ ಕೈ ಮೇಲೆ ಏನೇ ಎದ್ದರೂ ಅದಕ್ಕೆ ಹೆಸರು ಒಂದೇ. ನಾನೂ ಹೂಂ ಅಂದು ಮುಲಾಮು ಕೊಟ್ಟು ಕಳಿಸಿದ್ದೆ.

ಬೇರೆ ಯಾರಾದರೂ ಹೂಂ ಅಂದಿದ್ದರೆ ಕ್ಷಮಿಸಬಹುದಿತ್ತು. ನಾನು ಮಹಾದೇವಿ, ಮುನ್ಸಿಪಾಲಿಟಿಯ ಹೆಲ್ತ್ ಪೋಸ್ಟಿನಲ್ಲಿ ಆರೋಗ್ಯ ಸೇವಿಕೆ. ಒಂಬತ್ತು ವರ್ಷದಿಂದ ಚಾಳಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ನನ್ನ ಚೀಲದಲ್ಲಿ ಒಂದು ಚಿತ್ರದ ಪುಸ್ತಕವಿದೆ. ಗಂಡಸರನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಹೆಂಗಸರಿಗೆ ಅದನ್ನು ತೋರಿಸುತ್ತೇನೆ. ಉಚ್ಚೆ ಹೊಯ್ಯುವಾಗ ಉರಿ, ಕೀವು ಬಂದರೆ ಸುಮ್ಮನಿರಬೇಡಿ. ವಾಸನೆಯ ಬಿಳಿಸೆರಗು ಹೋದರೆ, ಕಿಬ್ಬೊಟ್ಟೆ ನೋಯುತ್ತಿದ್ದರೆ ಬನ್ನಿ. ನೀರುಗುಳ್ಳೆ ಗುಂಪಾಗಿ ಎದ್ದು ಉರಿದರೆ ಬನ್ನಿ. ಕೊನೆಯ ಹಾಳೆಗೆ ಬಂದಾಗ ದನಿ ತಗ್ಗಿಸಿ ಹೇಳುತ್ತೇನೆ: ನೋವಿಲ್ಲದ ಹುಣ್ಣು ಒಂದು ಬರುತ್ತದೆ, ತಾನೇ ಮಾಯುತ್ತದೆ, ಆಮೇಲೆ ಅಂಗೈ ಅಂಗಾಲಿಗೆ ಚುಕ್ಕೆ ಏಳುತ್ತದೆ, ತುರಿಸುವುದಿಲ್ಲ. ಹಳಬರು ಗರ್ಮಿ ಅನ್ನುತ್ತಿದ್ದರು, ಡಾಕ್ಟರು ಸಿಫಿಲಿಸ್ ಅನ್ನುತ್ತಾರೆ. ಈ ಹಾಳೆ ನನಗೆ ಬಾಯಿಪಾಠ. ಮಂದಿಯ ಮನೆಯಲ್ಲಿ ನನ್ನದು ಹದ್ದಿನ ಕಣ್ಣು. ತಮ್ಮನ ಕೈ ಅಂದಕೂಡಲೇ ಆ ಕಣ್ಣಿಗೇ ಸಿಮೆಂಟ್ ಮೆತ್ತಿಕೊಂಡಿತು.

ಉಡಿ ತುಂಬುವ ಶಾಸ್ತ್ರ ಶುರುವಾದ ಮೇಲೆ ಅವನನ್ನು ಗ್ಯಾಲರಿಯ ಕೊನೆಯ ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ.

"ಕೈ ತೋರಸು."

ಚಾಚಿದ. ಚುಕ್ಕೆಗಳು ಮೊದಲಿಗಿಂತ ಕಪ್ಪಾಗಿದ್ದವು.

"ತುರಸ್ತಾವೇನು?"

"ಇಲ್ಲ."

"ಬಿರದಾವೇನು?"

"ಇಲ್ಲ ಅಕ್ಕ, ಏನೂ ತ್ರಾಸಿಲ್ಲ."

"ಅದಽ ತ್ರಾಸು. ಸಿಮೆಂಟ್ ತಿಂದ್ರ ತುರಸ್ತೈತಿ, ಬಿರೀತೈತಿ. ಅಪ್ಪನ ಕೈ ನೀನೂ ನೋಡೀದಿ. ಮತ್ತ ಬೂಟಿನೊಳಗ ನಿನ್ನ ಅಂಗಾಲಿಗೆ ಯಾರು ಗಿಲಾವು ಮಾಡ್ಯಾರ?"

ಅವನು ನಲ್ಲಿಯನ್ನೇ ನೋಡಿದ. ಅಕ್ಕ ತಮ್ಮನನ್ನು ಕೇಳುವ ಮಾತಲ್ಲ ಅದು, ಆದರೂ ಕೇಳಿದೆ.

"ಇದಕ್ಕೂ ಮೊದಲ, ಕೆಳಗ, ಹುಣ್ಣಾಗಿತ್ತೇನು?"

ಒಳಗೆ ಹೆಂಗಸರು ಸೋಬಾನೆ ಹಾಡುತ್ತಿದ್ದರು.

"ದಸರಾ ಮುಂದ ಒಂದ ಆಗಿತ್ತು. ಸಣ್ಣದು. ನೋವಿರಲಿಲ್ಲ. ಮೆಡಿಕಲ್‌ನಾಗ ಕ್ರೀಮ್ ತಂದು ಹಚ್ಚಿದೆ, ಮಾಯ್ತು."

"ಕ್ರೀಮಿಗೆ ಮಾಯಲಿಲ್ಲ ಅದು. ಒಳಗ ಹೋಗಿ ಕೂತೈತಿ. ಎಲ್ಲಿ ಹೋಗಿದ್ದಿ?"

"ಶ್ರಾವಣ ಬಿಟ್ಟ ಮರುದಿನ. ತಿಂಗಳ ಪೂರಾ ಯಾರೂ ಕುಡಿದಿದ್ದಿಲ್ಲ. ಶೆಟ್ಟೆಪ್ಪ ಕರದಾ, ನಾಕ ಮಂದಿ ಗ್ರಾಂಟ್ ರೋಡಿಗೆ, ಆ ಹೆಂಗಸರ ಓಣಿಗೆ ಹೋದ್ವಿ. ಒಮ್ಮೆ ಅಕ್ಕ, ನಿನ್ನ ಆಣಿ."

ಶೆಟ್ಟೆಪ್ಪ ಇವನ ಜೊತೆ ಕೆಲಸ ಮಾಡುವವನು. ಒಂದು ತಿಂಗಳು ಮಾಂಸ ಬಿಟ್ಟು, ಬಾಟಲಿ ಬಿಟ್ಟು, ಸೋಮವಾರ ಶಿವನಿಗೆ ಕಾಯಿ ಒಡೆಸಿ, ಕೊನೆಗೆ ಹಗ್ಗ ಹರಿದುಕೊಂಡ ಹೋರಿಗಳ ಹಾಗೆ ಓಡಿದ ಭಕ್ತರು! ಆಗ ಸೌಮ್ಯಾಳಿಗೆ ಮೂರೋ ನಾಲ್ಕೋ ತಿಂಗಳು. ಹೊಡೆಯಲು ಕೈ ಎತ್ತಿದೆ. ಒಳಗೆ ಬೀಗರಿದ್ದಾರೆ ಎಂಬುದು ನೆನಪಾಗಿ ಇಳಿಸಿದೆ.

"ನಾ ನಾಳೆ ಸೂಜಿ ಮಾಡಿಸ್ಕೋತೀನಿ. ಆಕಿಗೆ ಹೇಳಬ್ಯಾಡ" ಅಂದ. "ಆಕಿಗೆ ಏನೂ ಆಗಿಲ್ಲ. ಚಂದ ಅದಾಳ ನೋಡು."

"ಹೆಂಗಸರಿಗೆ ಒಳಗ ಹುಣ್ಣಾದ್ರ ಆಕಿಗೂ ಕಾಣಂಗಿಲ್ಲ. ನೀ ಒಬ್ಬಾಂವ ಸೂಜಿ ಮಾಡಿಸ್ಕೊಂಡ್ರ ಹೊಟ್ಟ್ಯಾಗಿನ ಕೂಸಿಗೆ ಯಾರು ಮಾಡ್ತಾರ?"

ಅವನು ತಲೆ ಎತ್ತಿದ. "ಕೂಸಿಗೇನಾಗ್ತೈತಿ?"

"ಹೊಟ್ಟ್ಯಾಗಽ ಸಾಯಬಹುದು. ಹುಟ್ಟಿದ್ರೂ ಈ ರೋಗ ಹೊತ್ತಽ ಹುಟ್ಟಬಹುದು. ಈಗ ತಾಯಿಗೆ ಸೂಜಿ ಬಿದ್ರ ಉಳೀತೈತಿ."

ಅವನು ನಲ್ಲಿ ತಿರುಗಿಸಿ ಅಂಗೈಗಳನ್ನು ತಿಕ್ಕಿ ತಿಕ್ಕಿ ತೊಳೆಯತೊಡಗಿದ. ನನಗೆ ಅವನ ಮೇಲೆ ಕರುಣೆ ಬಂತು, ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮರುದಿನ, ಸೋಮವಾರ ರಾತ್ರಿ, ತಾಯಿ ಮಗಳಿಗೆ ವಿಜಯಪುರದ ಗಾಡಿ. ಅಲ್ಲಿಂದ ಮುಂದೆ ಬಸ್ಸು, ಆಮೇಲೆ ಟಂಟಂ ರಿಕ್ಷಾ. ಹೆರಿಗೆ ನೋವು ಬರುವ ತನಕ ದವಾಖಾನೆ ಯಾಕೆ ಅನ್ನುವ ಪೈಕಿ ನೀಲಾಬಾಯಿ. ಸೌಮ್ಯಾಳಿಗೆ ಬಸುರಿಯರ ಕಾರ್ಡೂ ಇರಲಿಲ್ಲ. ಚೊಚ್ಚಲ ಹೆರಿಗೆ ತವರಲ್ಲಿ, ಆದ್ದರಿಂದ ಕಾರ್ಡೂ ತವರಲ್ಲೇ ಆಗಬೇಕು ಎಂದು ಬೀಗರು ಅಂದಿದ್ದರು, ನಾನು ಒಪ್ಪಿದ್ದೆ. ಕಬ್ಬಿಣದ ಗುಳಿಗೆ ಕೊಟ್ಟೆ, ಧನುರ್ವಾಯುವಿನ ಸೂಜಿ ಹಾಕಿಸಿದೆ, ರಕ್ತ ತಪಾಸಣೆ ಊರಲ್ಲಾಗಲಿ ಅಂತ ಬಿಟ್ಟೆ. ಇಡೀ ವಾರ್ಡಿನ ಬಸುರಿಯರನ್ನು ಹಟ ಹಿಡಿದು ಕಾರ್ಡಿಗೆ ಹಚ್ಚುವವಳ ಮನೆಯಲ್ಲೇ ಇದು ಬಾಕಿ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

"ನಾಳೆ ಮುಂಜಾನೆ ಒಂಬತ್ತಕ್ಕ ಹೆಲ್ತ್ ಪೋಸ್ಟಿನ ಮುಂದ ನಿಂತಿರು" ಅಂದೆ. "ಆಕಿನ್ನ ನಾ ಕರಕೊಂಡ ಬರ್ತೀನಿ. ಹೇಳಾಂವ ಮಾತ್ರ ನೀನು. ಒಬ್ಬರ ರೋಗ ಇನ್ನೊಬ್ಬರಿಗೆ ನಾ ಹೇಳಂಗಿಲ್ಲ, ಹೇಳಿದ್ರ ನನ್ನ ಕೆಲಸ ಹೋಗ್ತೈತಿ."

ಹೂಂ ಅಂದ. ಆ ಹೂಂ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಸೋಮವಾರ ಒಂಬತ್ತಾಯಿತು. ಹೆಲ್ತ್ ಪೋಸ್ಟಿನ ಮುಂದೆ ಶೇಖರ ಇರಲಿಲ್ಲ. ಫೋನ್ ಹಚ್ಚಿದರೆ ಸ್ವಿಚ್ ಆಫ್. ಬೆಳಿಗ್ಗೆ ಆರಕ್ಕೇ ಲೋಕಲ್ ರೈಲು ಹಿಡಿಯಲು ಹೋದ ಎಂದು ಸೌಮ್ಯಾ ಹೇಳಿದಳು. ಅವಳು ಬಂದಿದ್ದಳು, ಎರಡೂ ಕೈತುಂಬ ಹಸಿರು ಬಳೆ, ಹಿಂದೆ ಬೆಂಗಾವಲಿಗೆ ನೀಲಾಬಾಯಿ.

"ಕುಬಸದ ಮರುದಿನ ಬಸುರಿ ಹೆಂಗಸಿನ ರಕ್ತಾ ತೆಗಿಸ್ತಾರೇನ್ರಿ? ಮೊದಲಽ ಆಕಿಗೆ ರಕ್ತಾ ಕಮ್ಮಿ" ಎಂದು ನೀಲಾಬಾಯಿ ಬಾಗಿಲಲ್ಲೇ ನಿಂತರು. "ಊರಾಗ ಮಾಡಿಸ್ತೀವಿ ಬಿಡ್ರಿ. ಇನ್ನೂ ಗಂಟು ಕಟ್ಟೂದೈತಿ."

"ಒಂದ ಹನಿರಿ. ಬೆರಳ ತುದಿಗೆ" ಅಂದೆ.

"ಒಂದ ಹನಿಗಿ ಇಷ್ಟ್ಯಾಕ ಗಡಿಬಿಡಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು, ಹೇಳುವ ಹಾಗಿರಲಿಲ್ಲ. ಸೌಮ್ಯಾ ನನ್ನ ಮುಖ ನೋಡಿದಳು, ಅವ್ವನ ಕೈ ಬಿಡಿಸಿಕೊಂಡಳು. "ಅಕ್ಕಾರ ಸುಳ್ಳ ಹೇಳಂಗಿಲ್ಲ ಬೇ" ಎಂದು ಒಳಗೆ ನಡೆದಳು. ಆ ಮಾತು ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು.

ನರ್ಸ್ ಸೋನಾಲಿ ಎಲ್ಲ ಬಸುರಿಯರಿಗೆ ಹೇಳುವ ಹಾಗೆ ಇವಳಿಗೂ ಹೇಳಿದಳು: "ಶುಗರ್, ಹಿಮೋಗ್ಲೋಬಿನ್, ಎಚ್‌ಐವಿ, ಸಿಫಿಲಿಸ್. ಸಬ್‌ಕಾ ಹೋತಾ ಹೈ. ಚಲೇಗಾ?" ಎಲ್ಲರಿಗೂ ಮಾಡುವುದೇ ಎಂದು ಕೇಳಿ ಸೌಮ್ಯಾ ತಲೆಯಾಡಿಸಿದಳು. ಸೋನಾಲಿ ಅವಳ ಬಳೆ ಹಿಂದೆ ಸರಿಸಿ, ಬೆರಳಿಗೆ ಚುಚ್ಚಿ, ಹನಿಯನ್ನು ತಪಾಸಣೆಯ ಪಟ್ಟಿಗಳ ಮೇಲೆ ಬಿಟ್ಟಳು. ಇಪ್ಪತ್ತು ನಿಮಿಷ ಕಾಯಬೇಕು. ಒಂದೇ ಗೆರೆ ಬಂದರೆ ಪಾರು, ಎರಡು ಬಂದರೆ ರೋಗ. ನಾನು ಗೋಡೆಯ ಗಡಿಯಾರ ನೋಡುತ್ತ ಕುಳಿತೆ. ಆ ಮುಳ್ಳಿನಷ್ಟು ಸೋಮಾರಿಯನ್ನು ನಾನು ಕಂಡಿಲ್ಲ.

ಎಂಟನೇ ನಿಮಿಷಕ್ಕೇ ಸಿಫಿಲಿಸ್ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡಿತು. ಸೋನಾಲಿ ಪಟ್ಟಿ ಎತ್ತಿಕೊಂಡು ಡಾಕ್ಟರ ಕೋಣೆಗೆ ಹೋದಳು. ಡಾಕ್ಟರು ಸೌಮ್ಯಾಳನ್ನು ಒಬ್ಬಳನ್ನೇ ಕರೆದರು. ಬಾಗಿಲಲ್ಲಿ ಅವಳು ತಿರುಗಿ, "ಅಕ್ಕಾರ ನೀವೂ ಬರ್ರಿ" ಅಂದಳು. ಹೋದೆ.

ಡಾಕ್ಟರು ಮೆಲ್ಲಗೆ ಹೇಳಿದರು, ಒಗಟು ಮಾಡಲಿಲ್ಲ. ಇದು ಯಾರಿಂದ ಯಾರಿಗೆ ಹೇಗೆ ಬರುತ್ತದೆ, ಗಂಡನಿಗೂ ಯಾಕೆ ಚಿಕಿತ್ಸೆ ಬೇಕು, ಎಲ್ಲ. ಸೌಮ್ಯಾ ಹಿಂದಿ ಪೂರ್ತಿ ತಿಳಿಯದೆ ನನ್ನ ಕಡೆ ನೋಡಿದಳು. ಕನ್ನಡದಲ್ಲಿ ಹೇಳಬೇಕಾದವಳು ನಾನೇ ಆದೆ. ಚೀಲದಿಂದ ಚಿತ್ರದ ಪುಸ್ತಕ ತೆಗೆದು, ನೂರಾರು ಮನೆಗಳಲ್ಲಿ ತೋರಿಸಿದ ಕೊನೆಯ ಹಾಳೆ ಬಿಚ್ಚಿದೆ.

ಆಗ ಬಾಗಿಲು ತಳ್ಳಿಕೊಂಡು ಶೇಖರ ಬಂದ. ಪವಾಯಿಗೆ ಹೋಗಿರಲಿಲ್ಲವಂತೆ. ಆರರಿಂದಲೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದನಂತೆ, ಗಾಡಿಗಳನ್ನು ಬಿಡುತ್ತ. ಹೆಂಡತಿಯ ಮುಂದೆ ನಿಂತು ಅಂಗೈ ಬಿಚ್ಚಿ ತೋರಿಸಿದ.

"ಇದು ಸಿಮೆಂಟ್ ಅಲ್ಲ. ಗ್ರಾಂಟ್ ರೋಡಿಗೆ ಹೋಗಿದ್ದೆ. ನಾನಽ ತಂದು ನಿನಗ ಕೊಟ್ಟೀನಿ."

ಅವಳು ಅಳಲಿಲ್ಲ. ಡಾಕ್ಟರ ಕಡೆ ತಿರುಗಿ ತನಗೆ ಬರುವಷ್ಟು ಹಿಂದಿಯಲ್ಲಿ ಕೇಳಿದಳು: "ಬಚ್ಚಾ ಬಚೇಗಾ?"

ತಡ ಮಾಡದಿದ್ದರೆ ಕೂಸು ಉಳಿಯುವ ಸಂಭವವೇ ಹೆಚ್ಚು ಎಂದರು. ಚರ್ಮಕ್ಕೆ ಸಣ್ಣದಾಗಿ ಚುಚ್ಚಿ ಒಗ್ಗುತ್ತದೆಯೇ ಎಂದು ನೋಡಿ, ಇಬ್ಬರಿಗೂ ಪೆನ್ಸಿಲಿನ್ ಕೊಟ್ಟರು, ಎರಡೂ ಪಿರ್ರೆಗೆ. ಹುಟ್ಟಿದ ಕೂಸಿನ ರಕ್ತವನ್ನು ಊರಲ್ಲಿ ತಪಾಸಣೆ ಮಾಡಿಸಲೇಬೇಕು ಎಂದು ಚೀಟಿ ಬರೆದರು. ಜೊತೆಗೆ ಹೋದವರನ್ನೂ ಕಳಿಸು ಎಂದು ಶೇಖರನಿಗೆ ಹೇಳಿದರು. ಅವನು ಹೂಂ ಅಂದು, ಕಾರ್ಡು ಬರೆಸಲು ಸೋನಾಲಿಯ ಮೇಜಿನ ಮುಂದೆ ನಿಂತ.

ಸೂಜಿಯಾದ ಮೇಲೆ ಅರ್ಧ ಗಂಟೆ ಕೂರಬೇಕು. ಸೌಮ್ಯಾ ಒಂದು ಮಗ್ಗುಲಿಗೆ ವಾಲಿ ಬೆಂಚಿನ ಮೇಲೆ ಕುಳಿತಳು, ನಾನು ಪಕ್ಕದಲ್ಲಿ. ನೀಲಾಬಾಯಿ ಗಂಟು ಕಟ್ಟಲು ಆಗಲೇ ಖೋಲಿಗೆ ಹೊರಟುಹೋಗಿದ್ದರು. ನನ್ನ ಎದೆ ಹಗುರಾಗಿತ್ತು. ಗಾಡಿ ಹೊರಡುವ ಮೊದಲು ಸೂಜಿ ಬಿತ್ತಲ್ಲ, ಮನೆದೇವರು ದೊಡ್ಡವನು ಅಂದುಕೊಳ್ಳುತ್ತಿದ್ದೆ.

"ಅಕ್ಕಾರ, ಅವರ ಕೈ ನೀವ ಯಾವಾಗ ನೋಡಿದ್ರಿ?"

"ಮೂರ ವಾರಾತು."

"ಸಂಶೆ ಬರಲಿಲ್ಲೇನ್ರಿ?"

ಇಲ್ಲ ಅನ್ನಬಹುದಿತ್ತು. "ಬಂತು" ಅಂದೆ. "ತಮ್ಮ ಅಂತ ನುಂಗಿಕೊಂಡೆ."

"ಎದುರ ಖೋಲ್ಯಾಗಿನ ಗಂಡಸರ ಕೈ ಆಗಿದ್ರ?"

"ಮರುದಿನಽ ಕರಕೊಂಡ ಬರ್ತಿದ್ದೆ."

ಅವಳು ತಲೆಯಾಡಿಸಿದಳು. ಸಿಟ್ಟು ಮಾಡಿದ್ದರೆ ತಡೆಯುತ್ತಿದ್ದೆ, ಬೈದರೂ ಆಗುತ್ತಿತ್ತು. ಅವಳು ಮೆಲ್ಲಗೆ, ದೊಡ್ಡವರಿಗೆ ಕೊಡುವ ಮರ್ಯಾದೆ ಒಂದಿಷ್ಟೂ ಕಡಿಮೆ ಮಾಡದೆ ಅಂದಳು:

"ಕೂಸು ಉಳದ್ರ ತೊಟ್ಟಲಕ್ಕ ಹಾಕ್ತೀವಿ. ಕಿವ್ಯಾಗ ಹೆಸರ ಹೇಳಾಕ ಸೋದರತ್ತಿ ಅಂತ ನೀವು ಬರಬ್ಯಾಡ್ರಿ."

ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ನಮ್ಮಲ್ಲಿ ಸೋದರತ್ತೆಯದು, ಶೇಖರನಿಗೆ ಅಕ್ಕ ತಂಗಿ ಅಂತ ಇರುವವಳು ನಾನೊಬ್ಬಳೇ. ಆಗಲಿ ಅಂದೆ.